ಹೆಸರಿನ ಕೊನೆಯ ನ್

ಪರದೆಯನ್ನು ನಾನು ಹಾಕುವುದೇ ಇಲ್ಲ.
ಮುಳ್ಳೇರಿಯ ಪೇಟೆಯಲ್ಲಿ, ಟೈಲರ್ ಅಂಗಡಿಯ ಮೇಲಿನ ಈ ಕೋಣೆಗೆ
ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುವುದು:
"ಕರೆಂಟ್ ಇಲ್ವಾ?"
ಉಂಟು. ಕೂತುಕೊಳ್ಳಿ.

ಕೀಲಿಮಣೆಯಲ್ಲಿ ಎರಡು ಗೀರು,
ಎಡ ತೋರುಬೆರಳಿನ ಕೆಳಗೊಂದು, ಬಲದ ಕೆಳಗೊಂದು,
ಅಕ್ಕಿಯ ನುಚ್ಚಿನಷ್ಟು.
ಅಲ್ಲಿಂದ ಎಲ್ಲ ಮನೆಗೂ ದಾರಿ ಗೊತ್ತು ನನಗೆ.
ಕಿವಿಯೊಳಗೆ ಒಬ್ಬಳು ಓದುತ್ತಾಳೆ
ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ.
ಕೆಳಗಿನ ರುಖಿಯಾ ಒಮ್ಮೆ ಇಯರ್‌ಫೋನ್ ಹಾಕಿ ಕೇಳಿದಳು,
"ಇದು ಕನ್ನಡವಾ ಲವೀನಾ? ನನ್ನ ಮಿಷನ್ ಇದಕ್ಕಿಂತ ಸ್ಪಷ್ಟ ಮಾತಾಡ್ತದೆ ಮಾರಾಯ್ತಿ"
ಎಂದು ನಗುತ್ತ ಇಳಿದುಹೋದಳು.

ನಿಮಗೆ ಸಾಲೆಂದರೆ ಅಂಗಳದಲ್ಲಿ ಉದ್ದಕ್ಕೆ ಬಿದ್ದ ಹಗ್ಗ,
ತಲೆ ಬಾಲ ಒಟ್ಟಿಗೇ ಕಾಣುವುದಂತೆ.
ನನಗದು ಬಾವಿಯಿಂದ ಸೇದುವ ಹಗ್ಗ;
ಕೈಗೆ ಬಂದಷ್ಟೇ ಒದ್ದೆ.
ಏನೂ ಇಲ್ಲದ ಸಾಲಿನಲ್ಲಿ ಅವಳು "ಖಾಲಿ" ಎನ್ನುತ್ತಾಳೆ.
ಬೇರೆಯವರ ಖಾಲಿ ಸುಮ್ಮನಿರಬಹುದು,
ನನ್ನದು ಬಾಯಿಬಿಟ್ಟು ಹೇಳಬೇಕು.

ಮತ್ತೆ, ಅಳಿಸುವುದು.
ಶಾಲೆಯಲ್ಲಿ ಸ್ತ್ರೀ ಒಂದೇ ಅಕ್ಷರವಾಗಿತ್ತು.
ಇಲ್ಲಿ ಆರು ಏಟು ಬೇಕು ಅವಳು ಹೋಗಬೇಕಾದರೆ:
ದೀರ್ಘ ಬಿದ್ದಿತು, ರ ಬಿದ್ದಿತು, ವಿರಾಮ,
ತ, ಇನ್ನೊಂದು ವಿರಾಮ,
ಕಡೆಗೆ ಒಂಟಿ ಸ, ಅದೂ.
ಅಷ್ಟು ಜನ ಒಬ್ಬಳೊಳಗೆ.

ಅವನು ಬಂದದ್ದು ಪಿಂಚಣಿಯ ಅರ್ಜಿಗೆ.
ಕಾಗದ ಎರಡು ಭಾಷೆಯದು.
ನನ್ನವಳಿಗೆ ಮಲಯಾಳ ಬಾರದು,
ಮೇಲರ್ಧದಲ್ಲಿ ತುಟಿ ಹೊಲಿದುಕೊಳ್ಳುತ್ತಾಳೆ.
ಇನ್ನೊಬ್ಬಳನ್ನು ಕರೆದರೆ ಅವಳು ಮೇಲಿನದನ್ನು ಗಳಗಳ ಓದಿ
ಕನ್ನಡ ಬಂದಲ್ಲಿ ಉಸಿರೂ ಎತ್ತದೆ ದಾಟುತ್ತಾಳೆ,
ಆ ಓಣಿಯಲ್ಲಿ ಮನೆಯೇ ಇಲ್ಲವೆಂಬಂತೆ.
ಇಬ್ಬರನ್ನೂ ಸರದಿಯಲ್ಲಿ ಎಬ್ಬಿಸುತ್ತ
ಇಡೀ ಕಾಗದ ಕೇಳುವುದು ನಾನೊಬ್ಬಳೇ.

"ಹೆಸರು ನೋಡಿ ಅಕ್ಕ," ಎಂದ.
ಕೇಳಿದೆ. ಐತಪ್ಪನ್.
"ಐತಾರ ಹುಟ್ಟಿದ್ದಕ್ಕೆ ಅಪ್ಪ ಇಟ್ಟದ್ದು ಐತಪ್ಪ.
ಈ ನ್ ಯಾವ ವಾರ ಹುಟ್ಟಿತೋ!
ರೇಶನ್ ಕಾರ್ಡಿನಲ್ಲಿ ಸೇರಿಕೊಂಡದ್ದು,
ಈಗ ಬ್ಯಾಂಕಿಗೂ ನನ್ನೊಟ್ಟಿಗೆ ಬರ್ತದೆ."

ಸಾಲಿನ ಕೊನೆಗೆ ಹೋದೆ.
ಒಂದು ಸಲ ಒತ್ತಿದೆ.
"ವಿರಾಮ," ಎಂದಳು, ಬಿತ್ತು.
ಉಳಿದದ್ದು:
ಐತಪ್ಪನ.

ಬೆರಳು ಅಲ್ಲೇ ನಿಂತಿತು.
ಐತಪ್ಪನ ಏನು?
ಏಳು ಸೆಂಟ್ಸ್ ಜಾಗವೋ, ಕೆಮ್ಮೋ, ಯಾರಿಗೋ ಕೊಟ್ಟು ಬಾರದ ದುಡ್ಡೋ;
ಮುಂದೊಂದು ಮಾತಿಗೆ ಕೈಚಾಚಿ ನಿಂತ ಹೆಸರು.
ಬೆಂಚಿನ ಕಡೆಯಿಂದ ಪ್ಲಾಸ್ಟಿಕ್ ಚೀಲ ಮಡಚುವ ಸದ್ದು,
ಬಿಡಿಸಿ ಮತ್ತೆ ಮಡಚುವ ಸದ್ದು.
"ಹಾಳಾಯ್ತಾ ಅಕ್ಕ?" ಎಂದ.
ಇಲ್ಲ, ಎಂದು ಇನ್ನೊಮ್ಮೆ ಒತ್ತಿದೆ.

ಇಯರ್‌ಫೋನ್ ಕಿತ್ತು, ಸ್ಪೀಕರಿಗೆ ಹಾಕಿ,
ವೇಗ ಇಳಿಸಿದೆ, ಇನ್ನೂ ಇಳಿಸಿದೆ,
ಮಗುವಿಗೆ ತುತ್ತು ಕೊಡುವಷ್ಟು.
ಐತಪ್ಪ, ಎಂದಳು ಅವಳು ಕೋಣೆಗೆಲ್ಲ ಕೇಳುವ ಹಾಗೆ.
"ಓಯ್" ಎಂದ ಅವನು,
ಗೇಟಿನಲ್ಲಿ ಯಾರೋ ಕರೆದರೆನ್ನುವ ಹಾಗೆ.
ಆಮೇಲೆ ನಾಚಿಕೊಂಡನೆಂದು ತೋರುತ್ತದೆ. ಮಾತಿಲ್ಲ.

ಮೇಲರ್ಧದ ನ್ ನನ್ನ ಕೈಯದಲ್ಲ, ಹೇಳಿದೆ.
ಅದು ತಾಲೂಕಾಫೀಸಿನ ಬೀಗದೊಳಗೆ ಉಂಟು.
"ಇರಲಿ, ಕೆಳಗಾದರೂ ನಾನಿರ್ತೇನೆ," ಎಂದು
ಬಿಸಿ ಕಾಗದ ತೆಗೆದುಕೊಂಡು ಮೂವತ್ತು ರೂಪಾಯಿ ಎಣಿಸಿ ಕೊಟ್ಟ.

ಫೈಲು ಇನ್ನೂ ಮುಚ್ಚಿರಲಿಲ್ಲ.
ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಅಳಿಸಿದ್ದು ಎದ್ದು ಬರುತ್ತದೆ,
ಈ ಯಂತ್ರಕ್ಕೆ ಮರೆವಿಲ್ಲ.
ಅವನು ಇಳಿಯುವುದು ಕೇಳುತ್ತಿತ್ತು, ಒಂದೊಂದೇ ಮೆಟ್ಟಿಲು,
ನಾನು ಅಕ್ಷರ ದಾಟುವ ಹಾಗೆ.
ಒಂಬತ್ತನೆಯದರಲ್ಲಿ ತಡೆದ.
ಅದು ಮುರಿದಿದೆ,
ನನ್ನ ಕಾಲಿಗೆ ಗೊತ್ತಿದ್ದದ್ದು, ಅವನಿಗೆ ಹೇಳಲು ಮರೆತಿದ್ದೆ.